ಕೆರೆ ಏರಿ ಮೇಲೆ ಇಬ್ಬರು 'ನಮ್ಮ ಕೆರೆ' ಅಂದ್ರು: ಬೆಂಗಳೂರಿನ ಅಂಚಿನಲ್ಲಿ ಪ್ಲಾನ್ ಮಾಡೋರು ಯಾರು?

(ಸಂಚಿಕೆಯ ಬರಹ ರೂಪ)



ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಗೆ ಹೋಗಿದ್ದೆ. ಏರಿ ಮೇಲೆ ಓಡೋರು, ನಡೆಯೋರು, ದೊಡ್ಡ ಲೆನ್ಸ್ ಇಟ್ಕೊಂಡು ಹಕ್ಕಿಗೆ ಕಾಯೋರು. ಕೆಳಗೆ ನೀರಂಚಿನಲ್ಲಿ ಒಬ್ಬ ಅಜ್ಜಿ ಸೀರೆ ಎತ್ತಿ ಕಟ್ಟಿ, ಕುಡುಗೋಲು ಹಿಡಿದು ಹುಲ್ಲು ಕೊಯ್ತಿದ್ರು. ನಾನು ಫೋನ್ ತೆಗೆದಿದ್ದು ನೋಡಿ ಅವರೇ ಮಾತಾಡಿಸಿದ್ರು.

"ಏನಪ್ಪಾ, ಫೋಟೋನಾ?"

"ಇಲ್ಲಜ್ಜಿ, ಸುಮ್ನೆ. ಹುಲ್ಲು ಹಸೂಗಾ?"

"ಹೂಂ ಕಣಪ್ಪ, ಎರಡವೆ."

"ಇಲ್ಲಿ ಯಾರೂ ಬೇಡ ಅನ್ನಲ್ವಾ?"

ಅಜ್ಜಿ ಕೈ ನಿಲ್ಲಿಸಿ ನನ್ನ ಮುಖ ನೋಡಿದ್ರು. "ಯಾಕಂದಾರು? ನಮ್ ಕೆರೆ ತಾನೆ?"

ಐದು ನಿಮಿಷ ಆಗಿಲ್ಲ, ಮೇಲೆ ಏರಿ ಮೇಲೆ ನನ್ನ ವಯಸ್ಸಿನ ಒಬ್ಬರು ಫೋನಲ್ಲಿ ಜೋರಾಗಿ ಹೇಳ್ತಿದ್ರು: "ಇಲ್ಲ ಇಲ್ಲ, ಇವತ್ತು ನಮ್ಮ ಕೆರೇಲೇ ಓಡಿದ್ದು." ಅದೇ ಮಾತು, 'ನಮ್ಮ ಕೆರೆ'. ಅಜ್ಜಿ ಹೇಳಿದ್ದೂ ಸುಳ್ಳಲ್ಲ, ಇವರು ಹೇಳಿದ್ದೂ ಸುಳ್ಳಲ್ಲ. ಬೆಂಗಳೂರಿನ ಹೊರಗಿನ ಅಂಚಲ್ಲಿ ಈ ಎರಡು 'ನಮ್ಮ' ಒಂದೇ ಜಾಗದಲ್ಲಿ ಜಗಳ ಇಲ್ಲದೆ ಸಿಗೋದು ಅಪರೂಪ. ಅದು ಇಲ್ಲಿ ಹೆಂಗಾಯ್ತು, ಉಳಿದ ಕಡೆ ಯಾಕಾಗ್ಲಿಲ್ಲ, ಇವತ್ತಿನ ಕಥೆ ಅದು.

ಮೊದಲು ನನ್ನ ವಿಷಯ ಸ್ವಲ್ಪ ಹೇಳ್ಬಿಡ್ತೀನಿ, ಯಾಕಂದ್ರೆ ನಾನು ಈ ವಿಷಯದಲ್ಲಿ ತಟಸ್ಥ ಅಲ್ಲ. ನಾನು ಬೆಳೆದಿದ್ದು ಪೀಣ್ಯದ ಪಕ್ಕದ ಒಂದು ವಠಾರದಲ್ಲಿ. ಅಪ್ಪ ಲೇತ್ ಕೆಲಸ, ಅಮ್ಮ ಗಾರ್ಮೆಂಟ್ಸ್. ನಮ್ಮ ಬೀದಿ ಕೊನೆಯಲ್ಲಿ ಒಂದು ಖಾಲಿ ಜಾಗ ಇತ್ತು. ಒಂದು ಹುಣಸೆ ಮರ, ಕೆಳಗೆ ಒಂದು ಹಾಸುಗಲ್ಲು. ರಾತ್ರಿ ಎಂಟು ಗಂಟೆ ಮೇಲೆ ಅಮ್ಮ ಮತ್ತೆ ವಠಾರದ ಹೆಂಗಸರೆಲ್ಲ ಆ ಕಲ್ಲಿನ ಮೇಲೆ ಕೂತು ಅವರೆಕಾಯಿ ಸುಲೀತಿದ್ರು, ಫ್ಯಾಕ್ಟರಿ ಸೂಪರ್‌ವೈಸರ್‌ನ ಬೈತಿದ್ರು. ನಾನು ಹೈಸ್ಕೂಲಲ್ಲಿದ್ದಾಗ ಒಂದಿನ ಜೆಸಿಬಿ ಬಂತು. ಆರು ತಿಂಗಳಲ್ಲಿ ಅದು ಪಾರ್ಕ್ ಆಯ್ತು. ಚೆನ್ನಾಗೇ ಮಾಡಿದ್ರು, ಸುಳ್ಳು ಹೇಳಲ್ಲ: ನಡೆಯೋಕೆ ಟೈಲ್ಸ್ ಹಾದಿ, ಜಾರುಬಂಡೆ, ದೀಪ. ಸುತ್ತ ಕಬ್ಬಿಣದ ಬೇಲಿ, ಒಂದು ಗೇಟು. ಗೇಟಿನ ಮೇಲೆ ಬೋರ್ಡು: ಬೆಳಿಗ್ಗೆ 5ರಿಂದ 9, ಸಂಜೆ 4ರಿಂದ 7.

ಅಮ್ಮ ಮನೆಗೆ ಬರ್ತಿದ್ದಿದ್ದು ಏಳೂವರೆಗೆ.

ಆ ಪಾರ್ಕಿನ ನಕ್ಷೆ ಬರೆದೋರು ಕೆಟ್ಟೋರಲ್ಲ. ಅವರ ಮನಸ್ಸಲ್ಲಿ 'ಇಲ್ಲಿನ ನಿವಾಸಿ' ಅಂದ್ರೆ ಸಂಜೆ ಐದಕ್ಕೆ ಮನೇಲಿರೋ ಮನುಷ್ಯ. ಅಷ್ಟೇ. ಈ ಸಂಚಿಕೆಗೆ ಹಳೇದೆಲ್ಲ ಓದ್ತಾ ಓದ್ತಾ ನನಗೆ ಕಂಡಿದ್ದು ಇದೇ. ಬೆಂಗಳೂರಿನ ಅಂಚಿನ ಪ್ರತಿಯೊಂದು ಪ್ಲಾನಿನ ಹಿಂದೆ ಒಂದು ಪಟ್ಟಿ ಇರುತ್ತೆ. ಇಲ್ಲಿನೋರು ಯಾರು ಅನ್ನೋ ಪಟ್ಟಿ. ಅದನ್ನ ಯಾರೂ ಕಾಗದದ ಮೇಲೆ ಬರೆಯಲ್ಲ. ಆದ್ರೆ ರಸ್ತೆ ಎಲ್ಲಿ ಬರಬೇಕು, ನಲ್ಲಿ ಎಲ್ಲಿ ಬರಬೇಕು, ಗೇಟು ಎಷ್ಟೊತ್ತಿಗೆ ಮುಚ್ಚಬೇಕು ಅನ್ನೋದನ್ನೆಲ್ಲ ತೀರ್ಮಾನ ಮಾಡೋದು ಅದೇ ಪಟ್ಟಿ.

ವೈಟ್‌ಫೀಲ್ಡ್‌ನಿಂದ ಶುರು ಮಾಡೋಣ, ಅಲ್ಲಿ ಪಟ್ಟಿ ಊರಿನ ಹುಟ್ಟಿನಲ್ಲೇ ಇದೆ. 1882ರಲ್ಲಿ ಮೈಸೂರಿನ ಮಹಾರಾಜ ಹತ್ತನೇ ಚಾಮರಾಜ ಒಡೆಯರ್ ಅವರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಜಮೀನು ಕೊಟ್ರು. ಆ ಸಮುದಾಯದ ನಾಯಕ ಡಿ.ಎಸ್. ವೈಟ್, ಅವರ ಹೆಸರೇ ಊರಿಗೆ ಬಂತು. ನಡುವೆ ಒಂದು ವೃತ್ತಾಕಾರದ ಬಯಲು, ಸುತ್ತ ಮನೆಗಳು, ಹಿಂದೆ ಹೊಲ. ಇವತ್ತಿಗೂ ಗೂಗಲ್ ಮ್ಯಾಪ್ ತೆಗೆದು 'ಇನ್ನರ್ ಸರ್ಕಲ್' ಅಂತ ಹುಡುಕಿ, ಆ ದುಂಡಗಿನ ಗೆರೆ ಕಾಣುತ್ತೆ. ಕೆಲಸ ಸಿಗದ, ಅತ್ತ ಬ್ರಿಟಿಷರಿಗೂ ಬೇಡವಾದ ಇತ್ತ ಇಲ್ಲಿನವರಿಗೂ ಪೂರ್ತಿ ಹತ್ತಿರವಾಗದ ಒಂದು ಸಮುದಾಯ ಬೇಸಾಯ ಮಾಡ್ಕೊಂಡು ಸ್ವಂತ ಕಾಲ ಮೇಲೆ ನಿಲ್ಲಲಿ ಅನ್ನೋದು ಉದ್ದೇಶ. ಒಳ್ಳೇ ಉದ್ದೇಶಾನೇ. ಯಾರಿಗಾಗಿ ಈ ಊರು ಅನ್ನೋದು ಮೊದಲ ದಿನವೇ ಸ್ಪಷ್ಟ ಇತ್ತು. ಆದ್ರೆ ಊರು ದೊಡ್ಡದಾಗ್ಲಿಲ್ಲ. ಒಂದು ಚರ್ಚು, ಹೆಂಚಿನ ಮನೆಗಳು, ಹಣ್ಣಿನ ತೋಟ, ನಿವೃತ್ತರ ಊರು ಅಂತ ನೂರು ವರ್ಷ ಹಾಗೇ ಇತ್ತು.

ಇಲ್ಲಿಂದ ಒಂದೇಟಿಗೆ ಬೆಂಗಳೂರಿನ ಉತ್ತರಕ್ಕೆ, ಜಾಲಹಳ್ಳಿಗೆ ಬನ್ನಿ. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಈ ಸರ್ಕಾರಿ ಕಾರ್ಖಾನೆಗಳ ನಕ್ಷೆಯಲ್ಲಿ ಯಂತ್ರದ ಜೊತೆಗೆ ಯಂತ್ರ ನಡೆಸೋನ ಮನೆಯೂ ಇತ್ತು. ಕ್ವಾರ್ಟರ್ಸ್, ಸ್ಕೂಲು, ಆಸ್ಪತ್ರೆ, ಮೈದಾನ. ನನ್ನ ಅಪ್ಪನ ತಲೆಮಾರಿನೋರಿಗೆ 'ಎಚ್‌ಎಂಟಿ ಕಾಲೋನಿ' ಅಂದ್ರೆ ಒಂದು ಹೊಟ್ಟೆಕಿಚ್ಚು ಈಗಲೂ ಇದೆ. ಯಾಕಂದ್ರೆ ಅದರ ಮಗ್ಗುಲಲ್ಲೇ 1970ರ ದಶಕದ ಕೊನೆ ಹೊತ್ತಿಗೆ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯೋಕೆ ಶುರುವಾಯ್ತು. ಸಣ್ಣ ಸಣ್ಣ ಶೆಡ್‌ಗಳು, ಪ್ಲಾಟುಗಳು. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡೋ ಸಾವಿರಾರು ಘಟಕ. ಇಲ್ಲಿ ಸರ್ಕಾರ ಜಾಗ ಕೊಟ್ಟಿದ್ದು ಯಂತ್ರಕ್ಕೆ. ಯಂತ್ರ ತಿರುಗಿಸೋನಿಗೆ ಮನೆ ಎಲ್ಲಿ ಅನ್ನೋ ಪ್ರಶ್ನೆಗೆ ನಕ್ಷೆಯಲ್ಲಿ ಉತ್ತರ ಇರಲಿಲ್ಲ. ಉತ್ತರ ಕೊಟ್ಟಿದ್ದು ಸುತ್ತಮುತ್ತಲ ಹಳ್ಳಿಯೋರು. ರಾಗಿ ಹೊಲದಲ್ಲಿ ರೆವಿನ್ಯೂ ಸೈಟು, ಸೈಟಲ್ಲಿ ವಠಾರ, ವಠಾರದಲ್ಲಿ ಹತ್ತು ಮನೆ, ಹತ್ತು ಮನೆಗೆ ಎರಡು ಕಕ್ಕಸು. ಹಾಸನ, ತುಮಕೂರು, ಮಂಡ್ಯ, ಆಮೇಲೆ ರಾಯಚೂರು, ಕಲಬುರಗಿ, ಅದಾದ ಮೇಲೆ ಬಿಹಾರ, ಒಡಿಶಾ. ಎಲ್ಲರೂ ಬಂದು ಸೇರ್ಕೊಂಡಿದ್ದು ಇಂಥ ವಠಾರಗಳಿಗೇ.

ಎಲೆಕ್ಟ್ರಾನಿಕ್ ಸಿಟಿ ಕಥೆಯೂ ಅದೇ ಕಾಲದ್ದು. ಕಿಯೋನಿಕ್ಸ್‌ನ ಮೊದಲ ಮುಖ್ಯಸ್ಥ ಆರ್.ಕೆ. ಬಾಳಿಗ ಅವರ ಕನಸು. ಹೊಸೂರು ರಸ್ತೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆ. ಇವತ್ತಿಗೆ ಲಕ್ಷಾಂತರ ಜನ ಅಲ್ಲಿ ದುಡೀತಾರೆ. ಇಲ್ಲಿ ನನಗೆ ಕುತೂಹಲ ಅನಿಸಿದ್ದು 2013ರ ಒಂದು ಬೆಳವಣಿಗೆ. ಆ ವರ್ಷ ಈ ಕೈಗಾರಿಕಾ ಪ್ರದೇಶಕ್ಕೆ ತನ್ನದೇ ಒಂದು ಪ್ರಾಧಿಕಾರ ಬಂತು, ಎಲ್ಸಿಟಾ ಅಂತಾರೆ. ತೆರಿಗೆ ಅವರೇ ವಸೂಲು ಮಾಡ್ತಾರೆ, ಒಂದು ಪಾಲು ಸ್ಥಳೀಯ ಸಂಸ್ಥೆಗಳಿಗೆ ಕೊಡ್ತಾರೆ, ಉಳಿದದ್ದರಲ್ಲಿ ರಸ್ತೆ, ದೀಪ, ಕಸ, ಕ್ಯಾಮೆರಾ ಎಲ್ಲ ನೋಡ್ಕೊಳ್ತಾರೆ. ಒಳಗಿನ ರಸ್ತೆ ನೋಡಿದ್ರೆ ನಿಜವಾಗ್ಲೂ ಖುಷಿ ಆಗುತ್ತೆ. ಆಮೇಲೆ ಗಡಿ ದಾಟಿ ಪಕ್ಕದ ಗಲ್ಲಿಗೆ ಬನ್ನಿ. ಆ ಕಂಪನಿಗಳ ಸೆಕ್ಯೂರಿಟಿ ಗಾರ್ಡು, ಹೌಸ್‌ಕೀಪಿಂಗ್ ಅಕ್ಕ, ಕ್ಯಾಬ್ ಡ್ರೈವರ್, ಮೊದಲ ಕೆಲಸಕ್ಕೆ ಸೇರಿದ ಪಿಜಿ ಹುಡುಗರು ಇರೋದು ಅಲ್ಲಿ. ಚೆನ್ನಾಗಿರೋದಕ್ಕೂ ಚೆನ್ನಾಗಿಲ್ಲದಿರೋದಕ್ಕೂ ನಡುವೆ ಇರೋದು ಒಂದು ಆಡಳಿತದ ಗೆರೆ, ಅಷ್ಟೇ.

ವೈಟ್‌ಫೀಲ್ಡ್‌ಗೆ ಸಿಂಗಾಪುರದ ಸಹಭಾಗಿತ್ವದಲ್ಲಿ ಐಟಿಪಿಎಲ್ ಬಂದಾಗಲೂ ಇದೇ ತರ್ಕ. 1990ರ ದಶಕದಲ್ಲಿ ಕಟ್ಟಿದ ಆ ಟೆಕ್ ಪಾರ್ಕ್ ತನ್ನದೇ ವಿದ್ಯುತ್ ಸ್ಥಾವರ ಇಟ್ಕೊಂಡಿತ್ತು. ಗೋಡೆ ಒಳಗೆ ಕರೆಂಟ್ ಹೋಗಲ್ಲ. ಗೋಡೆ ಹೊರಗೆ ಬೋರ್‌ವೆಲ್, ಟ್ಯಾಂಕರ್, ಇನ್ವರ್ಟರ್. ತಮಾಷೆ ಏನಂದ್ರೆ, ಜನರನ್ನ ಕೇಳಿ ಊರು ಕಟ್ಟಬೇಕು ಅನ್ನೋ 74ನೇ ಸಂವಿಧಾನ ತಿದ್ದುಪಡಿ ಜಾರಿಗೆ ಬಂದಿದ್ದೂ ಅದೇ ದಶಕದಲ್ಲಿ, 1993ರಲ್ಲಿ. ವಾರ್ಡ್ ಸಮಿತಿ ಅನ್ನೋ ಪದ ನಮಗೆ ಬಂದಿದ್ದು ಅದರಿಂದಲೇ.

ಈಗ ಕೆರೆಗೆ ವಾಪಸ್ ಬರ್ತೀನಿ.

ಬೆಂಗಳೂರಿನ ಕೆರೆಗಳು ತಾವಾಗೇ ಹುಟ್ಟಿದ್ದಲ್ಲ. ಈ ಊರಿಗೆ ದೊಡ್ಡ ನದಿ ಇಲ್ಲ. ತಗ್ಗು ನೋಡಿ ಏರಿ ಕಟ್ಟಿ, ಮಳೆ ನೀರು ನಿಲ್ಲಿಸಿ, ಒಂದರ ಕೋಡಿ ಇನ್ನೊಂದಕ್ಕೆ ಹರಿಯೋ ಹಾಗೆ ಮಾಡಿದ್ದು ಮನುಷ್ಯರೇ. ಸರ್ಜಾಪುರ ರಸ್ತೆ ಶುರುವಾಗೋ ಕಡೆ ಇರೋ ಅಗರದಲ್ಲಿ ಕೆರೆ ತೂಬಿನ ಬಗ್ಗೆ ಹೇಳೋ ಗಂಗರ ಕಾಲದ, ಅಂದ್ರೆ ಒಂಬತ್ತನೇ ಶತಮಾನದ ಶಾಸನ ಇದೆ. ಹಳೇ ಶಾಸನಗಳಲ್ಲಿ 'ಬಿತ್ತುವಟ್ಟ' ಅಂತ ಒಂದು ಪದ ಬರುತ್ತೆ. ಕೆರೆ ಕಟ್ಟಿದೋರಿಗೆ, ಕಾಪಾಡೋರಿಗೆ ಅದರ ಅಚ್ಚುಕಟ್ಟಿನಲ್ಲಿ ಬಿಟ್ಟುಕೊಡೋ ಪಾಲು. ಕೆರೆ ನೋಡ್ಕೊಳ್ಳೋದು ಧರ್ಮಕ್ಕೆ ಬಿಟ್ಟ ಕೆಲಸ ಆಗಿರಲಿಲ್ಲ, ಅದಕ್ಕೆ ಲೆಕ್ಕ ಇತ್ತು. ಆಮೇಲಿನ ಕಾಲದಲ್ಲಿ ನೀರುಗಂಟಿ: ತೂಬು ಎತ್ತೋದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡೋದು ಅವನ ಕೆಲಸ.

ಇಲ್ಲಿ ಒಂದು ಮಾತು ಹೇಳ್ಬೇಕು. ನಮ್ಮಲ್ಲಿ ಕೆಲವರಿಗೆ 'ಹಿಂದೆ ಎಲ್ಲ ಎಷ್ಟು ಚೆನ್ನಾಗಿತ್ತು, ಕೆರೆ ಎಲ್ಲರದ್ದಾಗಿತ್ತು' ಅನ್ನೋ ಚಟ ಇದೆ. ಎಲ್ಲರದ್ದಾಗಿರಲಿಲ್ಲ. ನೀರುಗಂಟಿಗಳು ಬಹಳ ಕಡೆ ದಲಿತ ಕುಟುಂಬದೋರು. ನೀರು ಹಂಚೋದು ಅವರು, ನೀರುಣ್ಣೋ ಗದ್ದೆ ಬೇರೆಯವರದ್ದು. ಆ ಕಾಲದ್ದೂ ಒಂದು ಪಟ್ಟಿ. ಅದರಲ್ಲಿ ಕೆಲಸಕ್ಕೆ ಒಬ್ಬರ ಹೆಸರು, ಫಲಕ್ಕೆ ಇನ್ನೊಬ್ಬರ ಹೆಸರು.

ಆದ್ರೆ ಒಂದು ನಿಜ: ಗದ್ದೆ ಇರೋವರೆಗೂ ಕೆರೆ ಬೇಕು ಅನ್ನೋರು ಇದ್ರು. 1990ರ ನಂತರ ಸರ್ಜಾಪುರ ರಸ್ತೆ, ಬೆಳ್ಳಂದೂರು, ವರ್ತೂರು ಕಡೆ ಗದ್ದೆಗಳು ಲೇಔಟ್ ಆದ್ವು. ಅಚ್ಚುಕಟ್ಟು ಹೋದ್ಮೇಲೆ ತೂಬು ಯಾರಿಗೆ ಬೇಕು? ಕೆರೆ ಯಾರಿಗೂ ಬೇಡದ ಜಾಗ ಆಯ್ತು. ರಾಜಕಾಲುವೆ ಮುಚ್ಚಿತು, ಚರಂಡಿ ನೀರು ಒಳಗೆ ಬಂತು. ಇದೇ ಮುಂದುವರಿದು ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದ್ದನ್ನ 2015ರಲ್ಲೂ 2017ರಲ್ಲೂ ನಾವೆಲ್ಲ ವಾಟ್ಸಾಪಲ್ಲಿ ನೋಡಿದ್ವಿ.

ಕೈಕೊಂಡ್ರಹಳ್ಳಿ ಕೆರೆ ಸುಮಾರು 48 ಎಕರೆ. 2000ದ ದಶಕದ ಮಧ್ಯದ ಹೊತ್ತಿಗೆ ಇದೂ ಅದೇ ದಾರಿ ಹಿಡಿದಿತ್ತು. 2007ರಲ್ಲಿ ಬಿಬಿಎಂಪಿ ಹುಟ್ಟಿತು. ಹಳೇ ನಗರಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿದ್ರು. ಮಹದೇವಪುರ, ಬೊಮ್ಮನಹಳ್ಳಿ, ಪೀಣ್ಯ ಕಡೆಯ ದಾಸರಹಳ್ಳಿ ಎಲ್ಲ ನಗರದೊಳಗೆ ಬಂದಿದ್ದು ಆಗಲೇ. ಹೊಸ ಪಾಲಿಕೆ ಕೆಲವು ಕೆರೆಗಳನ್ನ ಸರಿ ಮಾಡೋಕೆ ದುಡ್ಡು ತೆಗೆದಿಟ್ಟಿತು. ಸಾಮಾನ್ಯವಾಗಿ ಇಂಥ ಕಡೆ ಏನಾಗುತ್ತೆ ಗೊತ್ತಲ್ಲ. ಹೂಳೆತ್ತೋದು, ಸುತ್ತ ಬೇಲಿ, ನಡೆಯೋ ಹಾದಿ, ಒಂದು ಕಾರಂಜಿ, ಶಂಕುಸ್ಥಾಪನೆ ಕಲ್ಲು.

ಇಲ್ಲಿ ಸ್ವಲ್ಪ ಬೇರೆ ಆಯ್ತು. 2008ರ ಸುಮಾರಿಗೆ ಅಕ್ಕಪಕ್ಕದ ಅಪಾರ್ಟ್‌ಮೆಂಟಿನ ಕೆಲವರು, ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅಂಥವರು, ಪಾಲಿಕೆ ಇಂಜಿನಿಯರುಗಳ ಜೊತೆ ಕೂತು 'ಪ್ಲಾನ್ ತೋರಿಸಿ' ಅಂತ ಕೇಳಿದ್ರು. ಕೇಳಿದ್ದೂ ದೊಡ್ಡದು, ತೋರಿಸಿದ್ದೂ ದೊಡ್ಡದು. ಪಾಲಿಕೆಯೋರು ಬಾಗಿಲು ಹಾಕ್ಕೊಳ್ಳಲಿಲ್ಲ. ಅದಕ್ಕಿಂತ ಮುಖ್ಯ, ಈ ಅಪಾರ್ಟ್‌ಮೆಂಟಿನೋರು ತಮ್ಮನ್ನ ಮಾತ್ರ 'ನಿವಾಸಿಗಳು' ಅಂದ್ಕೊಳ್ಳಲಿಲ್ಲ. ಹಳ್ಳಿಯ ಹಿರಿಯರನ್ನ ಕೇಳಿದ್ರು: ಕೆರೆ ಹೆಂಗಿತ್ತು, ನೀರು ಎಲ್ಲಿಂದ ಬರ್ತಿತ್ತು, ಯಾರು ಯಾವುದಕ್ಕೆ ಬಳಸ್ತಿದ್ರು. ಹಸುಗೆ ಹುಲ್ಲು ಬೇಕು. ಮೀನು ಹಿಡಿಯೋರು ಇದಾರೆ. ಗಣೇಶನ್ನ ಬಿಡೋಕೆ ಜಾಗ ಬೇಕು, ಆದ್ರೆ ಬಣ್ಣ ಕೆರೆಗೆ ಸೇರಬಾರದು. ಪಕ್ಕದಲ್ಲೇ ಸರ್ಕಾರಿ ಶಾಲೆ ಇದೆ, ಆ ಮಕ್ಕಳಿಗೆ ಈ ಕೆರೆಯೇ ಅಂಗಳ.

2009ರಲ್ಲಿ ಕೆಲಸ ಶುರುವಾಯ್ತು. ಕೊಳಚೆ ನೀರನ್ನ ಬೇರೆ ಕಡೆ ತಿರುಗಿಸಿದ್ರು, ಹೂಳೆತ್ತಿದ್ರು, ಏರಿ ಗಟ್ಟಿ ಮಾಡಿದ್ರು. 2011ರ ಹೊತ್ತಿಗೆ ಕೆರೆ ತುಂಬಿ ಜನರಿಗೆ ತೆರೀತು. ನೋಡ್ಕೊಳ್ಳೋಕೆ ಅಂತ ನಿವಾಸಿಗಳು 'ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿ' ಅಂತ ಒಂದು ಟ್ರಸ್ಟ್ ಮಾಡಿ, ಪಾಲಿಕೆ ಜೊತೆ ಒಪ್ಪಂದ ಮಾಡ್ಕೊಂಡ್ರು. ಕಾವಲುಗಾರರ ಸಂಬಳ, ತೋಟದ ಕೆಲಸದೋರ ಕೂಲಿ, ಗಿಡಕ್ಕೆ ನೀರು. ಯಾರಿಗೂ ಸೆಲ್ಫಿ ತೆಗೆಯೋಕೆ ಇಷ್ಟ ಆಗದ ಕೆಲಸಗಳು ಇವು. ಕೆರೆ ಉಳಿದಿದ್ದು ಇವುಗಳಿಂದ. ಇದೇ ಕೆರೆ ದಂಡೆಯಲ್ಲಿ 'ಕೆರೆ ಹಬ್ಬ' ಅಂತ ಮಾಡ್ತಾರೆ, ಒಂದ್ಸಲ ಹೋಗಿ ಬನ್ನಿ.

ಇಲ್ಲಿ ಸ್ವಲ್ಪ ಹೊರಗಿನ ಪ್ರಪಂಚ. ಎಲಿನಾರ್ ಆಸ್ಟ್ರಮ್ ಅಂತ ಅಮೆರಿಕದ ವಿದ್ವಾಂಸೆ, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ಅವರ ಜೀವಮಾನದ ಪ್ರಶ್ನೆ ಒಂದೇ: ಎಲ್ಲರಿಗೂ ಸೇರಿದ ಮೀನು, ಕಾಡು, ನೀರನ್ನ ಜನ ಹಾಳು ಮಾಡೇ ಮಾಡ್ತಾರಾ, ಇಲ್ಲ ತಾವೇ ನಿಯಮ ಮಾಡ್ಕೊಂಡು ಉಳಿಸ್ಕೊಳ್ತಾರಾ? ಅವರು ಪ್ರಪಂಚದ ಎಷ್ಟೋ ಹಳ್ಳಿಗಳನ್ನ ನೋಡಿ 'ಉಳಿಸ್ಕೊಳ್ಳೋಕೆ ಆಗುತ್ತೆ' ಅಂತ ತೋರಿಸಿದ್ರು. ಆದ್ರೆ ಬೆಂಗಳೂರಿನಂಥ ಊರಲ್ಲಿ? ಪಕ್ಕದ ಮನೆಯೋರ ಹೆಸರೇ ಗೊತ್ತಿಲ್ಲದ ಕಡೆ? ಹರಿಣಿ ನಾಗೇಂದ್ರ ಮತ್ತು ಆಸ್ಟ್ರಮ್ ಸೇರಿ ಬೆಂಗಳೂರಿನ ಕೆರೆಗಳ ಮೇಲೆ ಒಂದು ಅಧ್ಯಯನ ಮಾಡಿದ್ರು. ಅದು ಅಚ್ಚಾಗಿದ್ದು 2014ರಲ್ಲಿ, ಆಸ್ಟ್ರಮ್ ತೀರಿಕೊಂಡು ಎರಡು ವರ್ಷ ಆದ್ಮೇಲೆ. ಅಂದ್ರೆ ನಮ್ಮ ಕೊಳಚೆ ನೀರಿನ ಜಗಳ ಜಗತ್ತಿನ ದೊಡ್ಡ ಪ್ರಶ್ನೆಯೊಂದಕ್ಕೆ ಉದಾಹರಣೆ ಆಯ್ತು. ನನಗೆ ಇದು ಓದಿದಾಗ ಒಂಥರಾ ಹೆಮ್ಮೆ, ಒಂಥರಾ ನಾಚಿಕೆ.

ಹಾಗಂತ ಈ ಕೆರೆಯನ್ನ ತಲೆ ಮೇಲೆ ಕೂರಿಸ್ಕೊಳ್ಳೋದು ಬೇಡ. ಕೆರೆ ಚೆಂದ ಆದ್ಮೇಲೆ ಸುತ್ತ 'ಲೇಕ್ ವ್ಯೂ' ಅಂತ ಬೋರ್ಡು ಬೀಳದೇ ಇರುತ್ತಾ? ಬಾಡಿಗೆ ಏರುತ್ತೆ. ಹಸು ಸಾಕೋರ ಮನೆ ಮಾರಾಟ ಆಗುತ್ತೆ. ಹುಲ್ಲು ಕೊಯ್ಯೋ ಹಕ್ಕು ಉಳೀತು, ಆದ್ರೆ ಹಸು ಕಟ್ಟೋಕೆ ಜಾಗ ಎಲ್ಲಿ ಅನ್ನೋದನ್ನ ಯಾವ ಕೆರೆ ಸಮಿತಿಯೂ ತೀರ್ಮಾನ ಮಾಡೋಕಾಗಲ್ಲ. ಇನ್ನೊಂದು ಕಷ್ಟ ನ್ಯಾಯಾಲಯದ ಕಡೆಯಿಂದ ಬಂತು. 2020ರಲ್ಲಿ ಹೈಕೋರ್ಟ್, ಕೆರೆಗಳ ವಿಷಯದಲ್ಲಿ ಖಾಸಗಿ ಕಂಪನಿಗಳ ಜೊತೆ ಪಾಲಿಕೆ ಒಪ್ಪಂದ ಮಾಡ್ಕೊಳ್ಳೋದಕ್ಕೆ ತಡೆ ಹಾಕಿತು. ಕೆರೆ ಸಾರ್ವಜನಿಕ ಸ್ವತ್ತು, ಅದರ ಹೊಣೆ ಸರ್ಕಾರದ್ದೇ ಅನ್ನೋದು ಅದರ ಹಿಂದಿನ ತತ್ವ. ತತ್ವ ಸರಿ. ಆದ್ರೆ ಆ ಬಿಸಿ ನಿವಾಸಿಗಳ ಗುಂಪುಗಳಿಗೂ ತಟ್ಟಿತು. ಕಂಪನಿಯೂ ನಿವಾಸಿಗಳ ಗುಂಪೂ ಒಂದೇ ಅಲ್ಲ ಅನ್ನೋದನ್ನ ಕಾಗದದಲ್ಲಿ ಬಿಡಿಸಿ ಬರೆಯೋದು ನಮಗೆ ಇನ್ನೂ ಸರಿಯಾಗಿ ಬಂದಿಲ್ಲ.

ಈಗ ಬೇರೆ ಒಂದು ಕಡೆ ಕರ್ಕೊಂಡು ಹೋಗ್ತೀನಿ. ದೂರ ಏನಿಲ್ಲ. ಇದೇ ಮಹದೇವಪುರ ವಲಯ, ಹೊರ ವರ್ತುಲ ರಸ್ತೆ ಪಕ್ಕದ ಕರಿಯಮ್ಮನ ಅಗ್ರಹಾರ. ಟೆಕ್ ಪಾರ್ಕುಗಳ ಬೆನ್ನಿಗೆ ತಗಡಿನ ಶೆಡ್ಡುಗಳು. ಖಾಸಗಿ ಜಾಗ, ಮಾಲೀಕರಿಗೆ ಬಾಡಿಗೆ ಕೊಟ್ಟೇ ಇದ್ದವರು. ಅಪಾರ್ಟ್‌ಮೆಂಟಿನ ಮನೆಗೆಲಸ, ಕಸ ಆಯೋದು, ಕಟ್ಟಡದ ಕೆಲಸ. 2020ರ ಜನವರಿಯಲ್ಲಿ ಒಂದು ವಿಡಿಯೋ ಹರಿದಾಡ್ತು, ಇವರೆಲ್ಲ ಬಾಂಗ್ಲಾದೇಶದೋರು ಅಂತ. ಕೆಲವೇ ದಿನದಲ್ಲಿ, ಒಂದು ಭಾನುವಾರ, ಜೆಸಿಬಿ ಬಂದು ಶೆಡ್ಡುಗಳನ್ನ ಕೆಡವಿತು. ಅಲ್ಲಿದ್ದೋರಲ್ಲಿ ಅಸ್ಸಾಂ, ತ್ರಿಪುರಾ, ಉತ್ತರ ಪ್ರದೇಶ, ಬಿಹಾರದೋರಿದ್ರು. ನಮ್ಮದೇ ಉತ್ತರ ಕರ್ನಾಟಕದೋರೂ ಇದ್ರು. ವೋಟರ್ ಐಡಿ, ಆಧಾರ್ ಹಿಡ್ಕೊಂಡು ಟಿವಿಯೋರಿಗೆ ತೋರಿಸ್ತಾ ನಿಂತಿದ್ರು. ಪಿಯುಸಿಎಲ್ ಹೈಕೋರ್ಟಿಗೆ ಹೋಯ್ತು. ಕೋರ್ಟು ತಡೆ ಕೊಟ್ಟು, ಮುಂದೆ ಮನೆ ಕಳ್ಕೊಂಡೋರಿಗೆ ಪುನರ್ವಸತಿ ಕೊಡಿ ಅಂತ ಸರ್ಕಾರಕ್ಕೆ ಹೇಳ್ತು.

ಕೈಕೊಂಡ್ರಹಳ್ಳಿಯಲ್ಲಿ ನಿವಾಸಿ ಅಂದ್ರೆ ಯಾರು ಅಂತ ಹುಡುಕ್ಕೊಂಡು ಹೋಗಿ ಕೇಳಿದ್ರು. ಇಲ್ಲಿ 'ನೀವು ನಿವಾಸಿಗಳೇ ಅಲ್ಲ' ಅಂತ ಯಾರೂ ಕೇಳದೆ ತೀರ್ಮಾನ ಆಗಿತ್ತು. ಆ ಹೆಂಗಸರು ಬೆಳಿಗ್ಗೆ ಯಾರ ಮನೆ ಪಾತ್ರೆ ತೊಳೀತಿದ್ರೋ ಆ ಮನೆಯೋರಲ್ಲೂ ಎಷ್ಟೋ ಜನ ಪರಿಸರದ ಬಗ್ಗೆ ಕಾಳಜಿ ಇರೋರೇ, ಕೆರೆಗೆ ದುಡ್ಡು ಕೊಡೋರೇ. ನಾನು ಯಾರನ್ನೂ ಹಂಗಿಸ್ತಿಲ್ಲ. ಕೆರೆ ಪಟ್ಟಿಯಲ್ಲಿ ಹುಲ್ಲು ಕೊಯ್ಯೋ ಅಜ್ಜಿಗೆ ಜಾಗ ಸಿಕ್ಕಿತು, ಯಾಕಂದ್ರೆ ಅವರು 'ಹಳ್ಳಿಯೋರು', ಮೂಲದೋರು. ತಗಡಿನ ಶೆಡ್ಡಿನ ತಾಯಿಗೆ ಆ ಮೂಲ ಇಲ್ಲ. 1973ರ ಕೊಳಚೆ ಪ್ರದೇಶ ಕಾಯ್ದೆ ಪ್ರಕಾರ ಸರ್ಕಾರ ಘೋಷಣೆ ಮಾಡಿದ ಕೊಳೆಗೇರಿ ಆದ್ರೆ ನೀರು, ಮನೆ ಅಂತ ಏನಾದ್ರೂ ಕೇಳಬಹುದು. ಬಾಡಿಗೆ ಶೆಡ್ಡಿಗೆ ಆ ಘೋಷಣೆ ಯಾರು ಮಾಡ್ತಾರೆ?

ಸರಿ, ಜನರನ್ನ ಕೇಳೋಕೆ ಕಾನೂನಿನ ದಾರಿ ಇಲ್ವಾ? ಇದೆ. ನಗರದ ಮಾಸ್ಟರ್ ಪ್ಲಾನ್ ಕರಡು ಬಂದಾಗ ಆಕ್ಷೇಪಣೆ ಹಾಕೋಕೆ 60 ದಿನ ಕೊಡ್ತಾರೆ. 2031ರವರೆಗಿನ ಪ್ಲಾನ್ ಕರಡು 2017ರ ನವೆಂಬರ್‌ನಲ್ಲಿ ಬಂತು, ಸಂಪುಟಗಟ್ಟಲೆ, ನಕ್ಷೆಗಟ್ಟಲೆ. ಸಾವಿರಾರು ಆಕ್ಷೇಪಣೆ ಬಂದ್ವು. ಕೊನೆಗೆ 2020ರಲ್ಲಿ ಸರ್ಕಾರ ಆ ಕರಡನ್ನೇ ವಾಪಸ್ ತಗೊಳ್ತು. ಊರು ಇನ್ನೂ 2007ರಲ್ಲಿ ಜಾರಿಗೆ ಬಂದ, 2015ಕ್ಕೆ ಅಂತ ಮಾಡಿದ್ದ ಪ್ಲಾನಿನ ಮೇಲೇ ಓಡ್ತಿತ್ತು.

ಇನ್ನೊಂದು ವಾರ್ಡ್ ಸಮಿತಿ. ಸಂವಿಧಾನಕ್ಕೆ ಬಂದು ಎಷ್ಟೋ ವರ್ಷ ಆದ್ಮೇಲೆ, ಹೈಕೋರ್ಟ್ ಕಿವಿ ಹಿಂಡಿದ ಮೇಲೆ ಬೆಂಗಳೂರಲ್ಲಿ ಅದು ಉಸಿರಾಡೋಕೆ ಶುರು ಮಾಡಿತು. ತಿಂಗಳ ಮೊದಲ ಶನಿವಾರ ಸಭೆ ಅಂತ ನಿಗದಿ ಮಾಡಿದ್ರು. ಇದನ್ನ ಓದಿದಾಗ ನಾನು ಅಮ್ಮನಿಗೆ ಫೋನ್ ಮಾಡ್ದೆ.

"ಅಮ್ಮ, ಶನಿವಾರ ನಿಂಗೆ ರಜಾ ಇರ್ತಿತ್ತಾ ಯಾವಾಗ್ಲಾದ್ರೂ?"

"ಏನೋ ಕೇಳ್ತೀಯಾ, ಶನಿವಾರ ಯಾರು ಕೊಡ್ತಾರೋ ರಜಾ? ಟಾರ್ಗೆಟ್ ಮುಗೀದಿದ್ರೆ ಭಾನುವಾರಾನೂ ಬಾ ಅಂತಿದ್ರು."

ನೋಡಿ. ಐಟಿಯೋರಿಗೆ ಶನಿವಾರ ರಜಾ. ಗಾರ್ಮೆಂಟ್ಸ್‌ಗೆ, ಲೇತ್ ಶೆಡ್‌ಗೆ, ಮನೆಗೆಲಸಕ್ಕೆ ಇಲ್ಲ. ದಿನ ಆರಿಸಿದವರಿಗೆ ಯಾವ ದುರುದ್ದೇಶವೂ ಇದ್ದಿರಲಾರದು. ನಮ್ಮ ಪಾರ್ಕಿನ ಗೇಟಿನ ಬೋರ್ಡಿಗೂ ಇರಲಿಲ್ಲ. ಆದ್ರೆ ಈ ಹೆಂಗಸರಿಗೆ ಹೇಳೋಕೆ ಮಾತಿಲ್ಲ ಅಂತ ಯಾರೂ ಅಂದ್ಕೊಬೇಡಿ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯೋ ನಿಯಮವನ್ನ ಕೇಂದ್ರ ಸರ್ಕಾರ ಬಿಗಿ ಮಾಡಿದಾಗ, ಇದೇ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ಹೊಸೂರು ರಸ್ತೆಗೂ ಪೀಣ್ಯ, ಜಾಲಹಳ್ಳಿ ಕಡೆ ರಸ್ತೆಗೂ ಇಳಿದು ಊರು ನಿಲ್ಲಿಸಿದ್ರು. ಎರಡೇ ದಿನದಲ್ಲಿ ಆ ನಿಯಮ ವಾಪಸ್ ಹೋಯ್ತು. ಕೂತು ಹೇಳೋಕೆ ಜಾಗ ಇಲ್ಲದಿದ್ರೆ ಜನ ನಿಂತು ಹೇಳ್ತಾರೆ.

2020ರ ಸೆಪ್ಟೆಂಬರ್‌ಗೆ ಕಾರ್ಪೊರೇಟರ್‌ಗಳ ಅವಧಿ ಮುಗೀತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ, ಅಧಿಕಾರಿಗಳೇ ಊರು ನಡೆಸಿದ್ರು. ಈ ಅವಧಿಯಲ್ಲೇ ಅಂಚಿನ ಊರುಗಳು ಎಷ್ಟು ಬದಲಾದ್ವು ಯೋಚನೆ ಮಾಡಿ. 2023ರಲ್ಲಿ ವೈಟ್‌ಫೀಲ್ಡ್‌ಗೆ ಮೆಟ್ರೋ ಬಂತು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್ ಹಿಂದೆ ಓಡಿದ್ವಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಯೋಜನೆ ಬಂತು, ನಗರಕ್ಕೆ ಸೇರಿ 17 ವರ್ಷ ಆದ್ಮೇಲೆ. 2025ರ ಆಗಸ್ಟಲ್ಲಿ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರದವರೆಗೆ ಹಳದಿ ಮೆಟ್ರೋ. ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳು ಬಂದ್ವು. ಹೊಸ ಕಾಯ್ದೆಯಲ್ಲೂ ವಾರ್ಡ್ ಸಮಿತಿ ಇದೆ.

ಆ ಸಮಿತಿಗಳು ಇನ್ನು ಮೇಲೆ ಕೂರೋ ದಿನ, ಹೊತ್ತು, ಜಾಗ ಯಾವುದು ಅನ್ನೋದರ ಮೇಲೆ ನನಗೆ ಕಣ್ಣು. ಅದಕ್ಕೇ ನಿಮ್ಮ ಹತ್ರ ಒಂದು ಕೆಲಸ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಇರೋರು, ನಿಮ್ಮ ಏರಿಯಾದ ಪಾರ್ಕ್ ಗೇಟಿನ ಬೋರ್ಡು ಅಥವಾ ಕೆರೆ ಗೇಟಿನ ಬೋರ್ಡು ಇದೆಯಲ್ಲ, ಟೈಮಿಂಗ್ ಬರೆದಿರೋದು, ಅದರ ಒಂದು ಫೋಟೋ ತೆಗೀರಿ. ಪಕ್ಕದಲ್ಲಿ ಆ ಹೊತ್ತಿಗೆ ಬರೋಕಾಗದ ಒಬ್ಬರನ್ನ ಮಾತಾಡ್ಸಿ, ಅವರು ಎಷ್ಟೊತ್ತಿಗೆ ಬರಬಲ್ಲರು ಅಂತ ಕೇಳಿ, ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ಸಂಚಿಕೆಗೆ ನಾನು ಅವನ್ನೆಲ್ಲ ಒಟ್ಟು ಸೇರಿಸ್ತೀನಿ.

ಅಂದ ಹಾಗೆ ಆ ಅಜ್ಜಿ. ಹೊರೆ ಕಟ್ಟಿ, ಸಿಂಬಿ ಸುತ್ತಿ, "ಒಸಿ ಎತ್ತಿಕೊಡಪ್ಪ" ಅಂದ್ರು. ಎತ್ತಿಕೊಟ್ಟೆ. ನನ್ನ ಅಂದಾಜಿಗಿಂತ ಎರಡರಷ್ಟು ತೂಕ ಇತ್ತು. ಅವರು ಓಡೋರ ನಡುವೆ ಏರಿ ದಾಟಿ ಗೇಟಿನ ಕಡೆ ನಡೆದ್ರು. ಕಾವಲುಗಾರ ಎದ್ದು ಗೇಟು ಅಗಲ ಮಾಡ್ದ, ಹೊರೆ ತಾಗದ ಹಾಗೆ.